ಹಳೆಯ ಕಾರಿಗೆ ಯಾವ ಆಯಿಲ್, ಎಷ್ಟು ಆಯಿಲ್?

ವಾಹನಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ ಇದು. ಈ ಸಂಚಿಕೆಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ ಆಯಿಲಿಗೆ ಸಂಬಂಧಿಸಿದವು. ಅವುಗಳಲ್ಲಿ ಆರನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನನ್ನ ಬಳಿ 1996ರ ಮಾರುತಿ 800 ಇದೆ, ಕಾರ್ಬ್ಯುರೇಟರ್ ಇರುವ ಎಂಜಿನ್. ನಿವೃತ್ತನಾದ ಮೇಲೆ ಓಡಾಟ ಕಡಿಮೆಯಾಗಿದೆ. ವಿದ್ಯಾನಗರದ ಮನೆಯಿಂದ ಮಾರುಕಟ್ಟೆಗೆ ಹೋಗಿ ಬರುವುದು, ತಿಂಗಳಿಗೊಮ್ಮೆ ಹೊನ್ನಾಳಿ ಕಡೆಯ ತೋಟಕ್ಕೆ ಹೋಗುವುದು ಇಷ್ಟೇ. ಕಳೆದ ತಿಂಗಳು ಆಯಿಲ್ ಬದಲಿಸಿದಾಗ ಮೆಕ್ಯಾನಿಕ್ ಮೂರೂವರೆ ಲೀಟರಿನ ಡಬ್ಬವನ್ನು ಪೂರ್ತಿ ಸುರಿದರು. ಮನೆಗೆ ಬಂದು ನೋಡಿದರೆ ಮಟ್ಟ ಅಳೆಯುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳಿನಷ್ಟು ಮೇಲಿದೆ. ಕೇಳಿದ್ದಕ್ಕೆ 'ಹಳೇ ಗಾಡಿ ಸಾರ್, ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ' ಎಂದರು. ಅವರು ಹಾಕಿದ್ದು 20ಡಬ್ಲ್ಯು-50. ಬಿಡಿಭಾಗದ ಅಂಗಡಿಯವರು 5ಡಬ್ಲ್ಯು-30 ಪೂರ್ಣ ಸಿಂಥೆಟಿಕ್ ಹಾಕಿಸಿ ಎನ್ನುತ್ತಾರೆ. ಕಾರಿನ ಕೈಪಿಡಿ ಎಂದೋ ಕಳೆದುಹೋಗಿದೆ. ಯಾರ ಮಾತು ಕೇಳಲಿ? (ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ತಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಅಳತೆಯ ಪ್ರಶ್ನೆ ಹೆಚ್ಚು ತುರ್ತಿನದಾದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹೆಚ್ಚುವರಿ ಆಯಿಲನ್ನು ತೆಗೆಸುವವರೆಗೆ ದಯವಿಟ್ಟು ಹೊನ್ನಾಳಿಗೆ ಹೋಗಬೇಡಿ. ಎಂಜಿನ್ನಿನ ತಳದ ಚೇಂಬರಿನಲ್ಲಿ ಆಯಿಲ್ ನಿಲ್ಲುವ ಮಟ್ಟಕ್ಕೂ ಅದರ ಮೇಲೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕ್ರ್ಯಾಂಕ್ ಶಾಫ್ಟಿಗೂ (ಪಿಸ್ಟನ್ನುಗಳು ತಿರುಗಿಸುವ ದಂಡ) ನಡುವೆ ಅಂತರವಿರಬೇಕೆಂದು ಲೆಕ್ಕಹಾಕಿಯೇ ಕಡ್ಡಿಯ ಮೇಲಿನ ಗೆರೆಯನ್ನು ಗುರುತಿಸಿರುತ್ತಾರೆ. ಮಟ್ಟ ಅದನ್ನು ಮೀರಿದರೆ ಕ್ರ್ಯಾಂಕ್ ಶಾಫ್ಟ್ ಆಯಿಲಿಗೆ ಬಡಿಯುತ್ತದೆ, ಮಜ್ಜಿಗೆ ಕಡೆದಂತೆ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಪಂಪು ಅದನ್ನು ಎಳೆದುಕೊಂಡರೂ ಬೇರಿಂಗುಗಳಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಅಂದರೆ ಆಯಿಲ್ ಹೆಚ್ಚಾದಾಗ ಆಗುವ ಕೇಡು ಆಯಿಲ್ ಕಡಿಮೆಯಾದಾಗ ಆಗುವ ಕೇಡನ್ನೇ ಹೋಲುತ್ತದೆ. ಇದರ ಜೊತೆಗೆ ಎಂಜಿನ್ನಿನ ಉಸಿರು ಹೋಗುವ ಕೊಳವೆಯ ಮೂಲಕ ಆಯಿಲ್ ಏರ್ ಫಿಲ್ಟರಿನತ್ತ ಏರುತ್ತದೆ, ವಯಸ್ಸಾದ ಸೀಲುಗಳ ಅಂಚಿನಿಂದ ಜಿನುಗತೊಡಗುತ್ತದೆ. ತಮ್ಮ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿರಬಹುದು; ಆಯಿಲ್ ಕುಡಿಯುವ ಗಾಡಿಗಳನ್ನು ದಿನವೂ ನೋಡುವವರಿಗೆ ಒಂದಿಷ್ಟು ಹೆಚ್ಚಿಗೆ ಇರಲಿ ಎನಿಸುವುದು ಸಹಜ. ಆದರೂ ಈ ಮಾತು ಸರಿಯಲ್ಲ.

ಹೆಚ್ಚಿನದನ್ನು ತೆಗೆಯಲು ತಳದ ಬೋಲ್ಟನ್ನೇ ಬಿಚ್ಚಬೇಕೆಂದಿಲ್ಲ. ಔಷಧದ ಅಂಗಡಿಯಲ್ಲಿ 50 ಮಿಲಿಲೀಟರಿನ ಸಿರಿಂಜನ್ನೂ ಕಡ್ಡಿ ಇಳಿಯುವ ಕೊಳವೆಯೊಳಗೆ ಹೋಗುವಷ್ಟು ಸಪೂರವಾದ ಉದ್ದನೆಯ ನಳಿಕೆಯನ್ನೂ ಕೊಳ್ಳಿ. ಎಂಜಿನ್ ಉಗುರು ಬೆಚ್ಚಗಿರುವಾಗ ಕಡ್ಡಿಯನ್ನು ತೆಗೆದು, ನಳಿಕೆಯನ್ನು ತಳ ಮುಟ್ಟುವವರೆಗೆ ಇಳಿಸಿ, ಸಿರಿಂಜಿನಿಂದ ಎಳೆದೆಳೆದು ಒಂದು ಬಾಟಲಿಗೆ ತುಂಬಿಸಿಕೊಳ್ಳಬಹುದು. ನಾಲ್ಕು ಸಲ ಎಳೆದರೆ 200 ಮಿಲಿಲೀಟರ್ ಆಯಿತು. ಆಗೊಮ್ಮೆ ಕಡ್ಡಿ ಇಳಿಸಿ ನೋಡಿ, ಮೇಲಿನ ಗೆರೆಗೆ ಬರುವವರೆಗೆ ಮುಂದುವರಿಸಿ.

ಮಟ್ಟ ನೋಡುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಬಹಳ ಜನ ತಪ್ಪುವುದು ಇಲ್ಲಿಯೇ. ಕಾರು ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು. ಮನೆಯ ಮುಂದಿನ ಇಳಿಜಾರಿನ ಮೇಲೆ ನಿಂತಾಗ ಕಡ್ಡಿ ತೋರಿಸುವುದು ನಿಜವಾದ ಮಟ್ಟವಲ್ಲ. ಎಂಜಿನ್ ನಿಲ್ಲಿಸಿ ಕನಿಷ್ಠ ಐದು ನಿಮಿಷ, ಸಾಧ್ಯವಾದರೆ ಹತ್ತು ನಿಮಿಷ ಬಿಡಬೇಕು; ಮೇಲೆ ಅಂಟಿಕೊಂಡಿರುವ ಆಯಿಲ್ ಇಳಿದು ಚೇಂಬರನ್ನು ಸೇರಲು ಅಷ್ಟು ಹೊತ್ತು ಬೇಕು. ಕಡ್ಡಿಯನ್ನು ಮೊದಲ ಸಲ ಹೊರತೆಗೆದಾಗ ಕಾಣುವುದನ್ನು ನಂಬಬಾರದು. ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಇಳಿಸಿ, ಎರಡನೆಯ ಸಲ ತೆಗೆದಾಗ ಎರಡೂ ಬದಿಗಳನ್ನು ನೋಡಿ, ಕಡಿಮೆ ತೋರಿಸುವ ಬದಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಸಲವೂ ಒಂದೇ ಸ್ಥಿತಿಯಲ್ಲಿ ನೋಡುವುದು ಮುಖ್ಯ, ಏಕೆಂದರೆ ಬಿಸಿಯಾದ ಆಯಿಲ್ ಹಿಗ್ಗುತ್ತದೆ. ಮೂರು ಲೀಟರ್ ಆಯಿಲ್ ಬೆಳಗಿನ ತಂಪಿನಿಂದ ಓಡುವ ಎಂಜಿನ್ನಿನ ಬಿಸಿಗೆ ಬರುವಾಗ ಸುಮಾರು 100ರಿಂದ 150 ಮಿಲಿಲೀಟರಿನಷ್ಟು ಹೆಚ್ಚು ಜಾಗ ಹಿಡಿಯುತ್ತದೆ.

ಇನ್ನು ತಮ್ಮ ಕಾರಿಗೆ ಸರಿಯಾಗಿ ಎಷ್ಟು ಹಿಡಿಸುತ್ತದೆ ಎಂಬುದು. 796 ಸಿಸಿಯ ಆ ಮೂರು ಸಿಲಿಂಡರಿನ ಎಂಜಿನ್ನಿಗೆ ಮೂರೂವರೆ ಲೀಟರ್ ಹಿಡಿಸುವುದಿಲ್ಲ ಎಂಬುದನ್ನು ತಮ್ಮ ಕಡ್ಡಿಯೇ ಹೇಳಿದೆ. ಕೈಪಿಡಿ ಸಿಕ್ಕರೂ ಅದರಲ್ಲಿ ಕೊಟ್ಟಿರುವ ಅಂಕಿಯನ್ನು ಎಚ್ಚರದಿಂದ ಓದಬೇಕಾಗುತ್ತದೆ. ಆಯಿಲ್ ಮಾತ್ರ ಬದಲಿಸಿದಾಗ ಹಾಕಬೇಕಾದದ್ದು ಒಂದು ಅಂಕಿ, ಫಿಲ್ಟರನ್ನೂ ಬದಲಿಸಿದಾಗ ಹಾಕಬೇಕಾದದ್ದು ಇನ್ನೊಂದು, ಎಂಜಿನ್ ಪೂರ್ತಿ ಬಿಚ್ಚಿ ಒರೆಸಿ ಜೋಡಿಸಿದ ಮೇಲೆ ಒಣ ಎಂಜಿನ್ನಿಗೆ ಬೇಕಾದದ್ದು ಮೂರನೆಯದು. ಮೂರನೆಯ ಅಂಕಿ ಯಾವಾಗಲೂ ದೊಡ್ಡದು, ಏಕೆಂದರೆ ಸಾಮಾನ್ಯವಾಗಿ ಆಯಿಲ್ ಇಳಿಸಿದಾಗ ನಾಳಗಳಲ್ಲಿ, ಪಂಪಿನಲ್ಲಿ, ಹೆಡ್ಡಿನ ಮೂಲೆಗಳಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಗ್ಯಾರೇಜುಗಳಲ್ಲಿ ಈ ದೊಡ್ಡ ಅಂಕಿಯನ್ನೇ ಹಿಡಿದು ಸುರಿದು ಮಟ್ಟ ಮೀರಿಸಿದ್ದನ್ನು ಹಲವು ಬಾರಿ ಕಂಡಿದ್ದೇನೆ.

ಆದ್ದರಿಂದ ಮುಂದಿನ ಬಾರಿ ತಾವೇ ಎದುರು ನಿಂತು ಅಳತೆ ಮಾಡಿಸಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಿಸಿಯಾದ ಮೇಲೆ ತಳದ ಬೋಲ್ಟ್ ಬಿಚ್ಚಿಸಿ, ಧಾರೆ ನಿಂತು ಹನಿಹನಿಯಾಗಿ, ಹನಿಯ ನಡುವೆಯೂ ಎಣಿಸುವಷ್ಟು ಬಿಡುವು ಬರುವವರೆಗೆ ಕಾಯಿರಿ. ಬೋಲ್ಟಿನ ವಾಷರ್ ಹೊಸದಾಗಿರಲಿ. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ಬಳೆ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತಿನಷ್ಟು ಬಿಗಿದರೆ ಸಾಕು. ಆಮೇಲೆ ಎರಡೂವರೆ ಲೀಟರ್ ಅಳೆದು ಹಾಕಿ, ಎಂಜಿನನ್ನು ಒಂದು ನಿಮಿಷ ನಿಧಾನಗತಿಯಲ್ಲಿ ಓಡಿಸಿ ಫಿಲ್ಟರ್ ತುಂಬಿಕೊಳ್ಳಲು ಬಿಟ್ಟು, ನಿಲ್ಲಿಸಿ ಹತ್ತು ನಿಮಿಷದ ನಂತರ ಕಡ್ಡಿ ನೋಡಿ. ಅಲ್ಲಿಂದ ಮುಂದೆ 100 ಮಿಲಿಲೀಟರಿನಂತೆ ಸೇರಿಸುತ್ತ ಹೋಗಿ, ಮೇಲಿನ ಗೆರೆಯ ಒಂದು ಕೂದಲೆಳೆ ಕೆಳಗೆ ನಿಲ್ಲಿಸಿ. ಒಟ್ಟು ಎಷ್ಟು ಹಿಡಿಸಿತೋ ಆ ಅಂಕಿಯನ್ನು, ದಿನಾಂಕ ಮತ್ತು ಮೀಟರಿನ ಕಿಲೋಮೀಟರ್ ಸಹಿತ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಅದೇ ತಮ್ಮ ಕಾರಿನ ಕೈಪಿಡಿ. ಡಬ್ಬದಲ್ಲಿ ಉಳಿದದ್ದು ಮುಂದೆ ಟಾಪ್ ಅಪ್ ಮಾಡಲು ಬರುತ್ತದೆ. 'ಹಣ ಕೊಟ್ಟಿದ್ದೇವೆ, ಪೂರ್ತಿ ಹಾಕಿಬಿಡಿ' ಎಂಬ ಲೆಕ್ಕ ಬೇಡ.

ಈಗ ಗ್ರೇಡಿನ ವಿಷಯ. 20ಡಬ್ಲ್ಯು-50 ಎಂಬುದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿರುವಾಗ ಆಯಿಲ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ, ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಮಂದವಾಗಿರುತ್ತದೆ ಎಂಬುದನ್ನೂ ಹೇಳುತ್ತವೆ. 20ಡಬ್ಲ್ಯು ಆಯಿಲಿನ ಚಳಿಯ ಪರೀಕ್ಷೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 5ಡಬ್ಲ್ಯು ಆಯಿಲಿನದನ್ನು 30 ಡಿಗ್ರಿ ಕೆಳಗೆ ಮಾಡುತ್ತಾರೆ. ದಾವಣಗೆರೆಯ ಡಿಸೆಂಬರ್ ಬೆಳಗಿನ ಚಳಿ ಇದಕ್ಕೆ ಹೋಲಿಕೆಯೇ ಅಲ್ಲ. ಹಾಗಾಗಿ 5ಡಬ್ಲ್ಯು ಇಲ್ಲದಿದ್ದರೆ ನಮ್ಮೂರಿನಲ್ಲಿ ಎಂಜಿನ್ ಚಾಲೂ ಆಗುವುದೇ ಕಷ್ಟ ಎಂಬ ಹೆದರಿಕೆಗೆ ಆಧಾರವಿಲ್ಲ. ತೆಳುವಾದ ಆಯಿಲ್ ಬೆಳಗಿನ ಮೊದಲ ಕ್ಷಣಗಳಲ್ಲಿ ಮೇಲಿನ ವಾಲ್ವುಗಳಿಗೆ ಬೇಗ ತಲುಪುತ್ತದೆ ಎಂಬುದಂತೂ ನಿಜ. ಆ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ.

ಮುಖ್ಯವಾದದ್ದು ಎರಡನೆಯ ಅಂಕಿ. 100 ಡಿಗ್ರಿಯಲ್ಲಿ 30ರ ಆಯಿಲಿನ ಸ್ನಿಗ್ಧತೆ, ಅಂದರೆ ಮಂದತೆಯ ಅಳತೆ, 9.3ರಿಂದ 12.5 ಸೆಂಟಿಸ್ಟೋಕ್, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9ರ ವರೆಗೆ ಇರಬೇಕೆಂಬುದು ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ಗೊತ್ತುಪಡಿಸಿದ ಮಾನ. ಕಾರು ತಯಾರಾದ ಕಾಲದಲ್ಲಿ ಬೇರಿಂಗುಗಳ ನಡುವಿನ ಸಂದನ್ನು ಯಾವ ದಪ್ಪದ ಪದರ ತುಂಬಬೇಕೆಂದು ಲೆಕ್ಕಹಾಕಿದ್ದರೋ ಆ ದಪ್ಪದ ಆಯಿಲನ್ನು ಹಾಕಬೇಕು. ಆ ಕಾಲದ ಕೈಪಿಡಿಗಳಲ್ಲಿ ಉಷ್ಣಮಾಪಕದ ಚಿತ್ರ ಬರೆದು, ಯಾವ ಹವೆಗೆ ಯಾವ ಗ್ರೇಡ್ ಎಂದು ಪಟ್ಟಿಗಳನ್ನು ಎಳೆದು ತೋರಿಸುತ್ತಿದ್ದರು. ಏಪ್ರಿಲಿನಲ್ಲಿ 38 ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ ತಮ್ಮ ಕಾರಿಗೆ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಮಿನರಲ್ (ಸಿಂಥೆಟಿಕ್ ಅಲ್ಲದ, ಕಚ್ಚಾತೈಲದಿಂದ ಶುದ್ಧೀಕರಿಸಿದ) ಆಯಿಲ್ ಸೂಕ್ತವೆಂಬುದು ನನ್ನ ಅಭಿಪ್ರಾಯ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಮಾತ್ರ 20ಡಬ್ಲ್ಯು-50ಕ್ಕೆ ಹೋಗಬಹುದು. ಈಗ ಹಾಕಿರುವುದು ಅದೇ ಆದ್ದರಿಂದ ಗಾಬರಿ ಬೇಡ, ಅದನ್ನೇ ಅವಧಿ ಮುಗಿಯುವವರೆಗೆ ಬಳಸಿ. ಅಂಗಡಿಯವರು ಹೇಳಿದ 5ಡಬ್ಲ್ಯು-30 ಒಳ್ಳೆಯ ಆಯಿಲ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಸವೆದ ರಿಂಗುಗಳಿರುವ ಎಂಜಿನ್ನಿನಲ್ಲಿ ಅದು ಬೇಗ ಖರ್ಚಾಗುತ್ತದೆ, ಬೆಲೆಯೂ ಹೆಚ್ಚು. ಸಿಂಥೆಟಿಕ್ ಹಾಕಿದರೆ ಹಳೆಯ ಕಾರು ಸೋರುತ್ತದೆ ಎಂಬ ಮಾತು ಮಾತ್ರ ಪೂರ್ತಿ ಸತ್ಯವಲ್ಲ. ಸೋರುವುದು ಗಟ್ಟಿಯಾಗಿ ಬಿರುಕುಬಿಟ್ಟ ಸೀಲಿನಿಂದ. ಇಷ್ಟು ದಿನ ಕಪ್ಪು ಜಿಡ್ಡು ಆ ಬಿರುಕನ್ನು ಮುಚ್ಚಿಕೊಂಡಿರುತ್ತದೆ, ಹೊಸ ಆಯಿಲ್ ಆ ಜಿಡ್ಡನ್ನು ತೊಳೆಯುತ್ತದೆ, ಅಷ್ಟೇ.

ಡಬ್ಬದ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬ ಗುರುತಿನೊಂದಿಗೆ ಎರಡು ಅಕ್ಷರಗಳಿರುತ್ತವೆ. ಪೆಟ್ರೋಲ್ ಎಂಜಿನ್ನಿಗೆ ಎಸ್ ಎಂದು ಆರಂಭವಾಗುವವು: 2001ರಲ್ಲಿ ಬಂದದ್ದು ಎಸ್‌ಎಲ್, 2004ರಲ್ಲಿ ಎಸ್‌ಎಂ, 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ. ತಮ್ಮ ಕಾರಿಗೆ ಎಸ್‌ಎಲ್ ಅಥವಾ ಅದರ ನಂತರದ ಯಾವುದಾದರೂ ಸಾಕು. ಓಡಾಟ ಎಷ್ಟೇ ಕಡಿಮೆಯಿರಲಿ, ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಮಾರುಕಟ್ಟೆಗೆ ಹೋಗಿ ಬರುವ ಎರಡು ಕಿಲೋಮೀಟರಿನಲ್ಲಿ ಆಯಿಲ್ ಬಿಸಿಯೇ ಆಗುವುದಿಲ್ಲ. ಉರಿದ ಪೆಟ್ರೋಲಿನ ತೇವ ಆವಿಯಾಗಿ ಹೋಗದೆ ಒಳಗೇ ಉಳಿದು ಆಮ್ಲವಾಗುತ್ತದೆ. ತಿಂಗಳಿಗೊಮ್ಮೆ ಹೊನ್ನಾಳಿಗೆ ಹೋಗುವ ಪದ್ಧತಿ ಎಂಜಿನ್ನಿನ ಆರೋಗ್ಯಕ್ಕೂ ಒಳ್ಳೆಯದು, ಅದನ್ನು ಬಿಡಬೇಡಿ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ಪೆಟ್ರೋಲ್ ಅಂಬಾಸಿಡರ್ ಇನ್ನೂ ಓಡುತ್ತಿದೆ. ಈಗಿನ ಆಯಿಲುಗಳಲ್ಲಿ ಸತು ಕಡಿಮೆ, ಹಳೆಯ ಎಂಜಿನ್ ಸವೆಯುತ್ತದೆ ಎಂದು ಒಬ್ಬರು ಹೆದರಿಸಿದ್ದಾರೆ. ಜೊತೆಗೆ ಆಯಿಲ್ ಎಷ್ಟು ಹಾಕಿದರೂ ಗೇರ್ ಬಾಕ್ಸಿನ ಬಳಿ ಹನಿ ಬೀಳುವುದು ನಿಲ್ಲುವುದಿಲ್ಲ. (ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ)

ಉತ್ತರ: ಸತುವಿನ ಮಾತಿನಲ್ಲಿ ಹುರುಳಿದೆ. 1489 ಸಿಸಿಯ ಆ ಹಳೆಯ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿದ್ದು, ಅದರ ಉಬ್ಬುಗಳು ಟ್ಯಾಪೆಟ್ಟಿನ ತಳಕ್ಕೆ ಉಜ್ಜುತ್ತ ತಿರುಗುತ್ತವೆ. ಉರುಳುವ ರೋಲರ್ ಅಲ್ಲಿಲ್ಲ. ಈ ಉಜ್ಜಾಟವನ್ನು ತಾಳುವಂತೆ ಲೋಹದ ಮೇಲೆ ತೆಳುವಾದ ಪದರ ಕಟ್ಟುವುದು ಸತು ಮತ್ತು ರಂಜಕ ಸೇರಿದ ಒಂದು ಸಂಯುಕ್ತ. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ರಂಜಕ ಹಾಳುಮಾಡುತ್ತದೆ ಎಂಬ ಕಾರಣಕ್ಕೆ ಹೊಸ ಆಯಿಲುಗಳಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ. ಆದರೆ ಆ ಮಿತಿ ಮುಖ್ಯವಾಗಿ ಇಂಧನ ಉಳಿಸುವ ತೆಳು ಗ್ರೇಡುಗಳಿಗೆ, ಅಂದರೆ 20 ಮತ್ತು 30ರವುಗಳಿಗೆ, ಅನ್ವಯಿಸುತ್ತದೆ. 20ಡಬ್ಲ್ಯು-50ಕ್ಕೆ ಆ ಕಟ್ಟು ಇಲ್ಲ. ತಮ್ಮ ಕಾರಿಗೆ ಹೇಗೂ 20ಡಬ್ಲ್ಯು-50 ಅಥವಾ 20ಡಬ್ಲ್ಯು-40 ಬೇಕಾದ್ದರಿಂದ ಆತಂಕಕ್ಕೆ ಕಾರಣವಿಲ್ಲ. ಡಬ್ಬದ ಮೇಲೆ ಎಸ್ ಮತ್ತು ಸಿ ಎರಡೂ ಸಾಲಿನ ಗುರುತುಗಳಿರುವ, ಪೆಟ್ರೋಲಿಗೂ ಡೀಸೆಲಿಗೂ ಒಪ್ಪಿತವಾದ ಆಯಿಲ್ ಸಿಕ್ಕರೆ ಇನ್ನೂ ಒಳ್ಳೆಯದು. ಮೇಲಿನಿಂದ ಸೇರಿಸುವ ಬಾಟಲಿಯ ದ್ರಾವಣಗಳಿಗೆ ಹಣ ಹಾಕಬೇಡಿ.

ಹನಿ ಬೀಳುವುದಕ್ಕೆ ಬಂದರೆ, ಈ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯಲ್ಲಿ ಈಗಿನ ಕಾರುಗಳಂತೆ ರಬ್ಬರಿನ ಸೀಲ್ ಇರುವುದಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿಯಾಕಾರದ ತೋಡು ಆಯಿಲನ್ನು ಒಳಕ್ಕೆ ತಿರುಗಿಸಿ ಕಳುಹಿಸುತ್ತದೆ. ಎಂಜಿನ್ ಓಡುವಾಗ ಈ ಏರ್ಪಾಡು ಕೆಲಸ ಮಾಡುತ್ತದೆ, ನಿಂತಾಗ ಒಂದೆರಡು ಹನಿ ಹೊರಬರುವುದು ಅದರ ಹುಟ್ಟುಗುಣ. ಆದರೆ 'ಎಷ್ಟು ಹಾಕಿದರೂ' ಎಂದು ತಾವು ಬರೆದಿರುವುದು ನನಗೆ ಯೋಚನೆ ತಂದಿದೆ. ಸೋರುತ್ತದೆಂದು ಮೇಲಿನ ಗೆರೆ ಮೀರಿ ಹಾಕಿದರೆ ಸೋರಿಕೆ ಇನ್ನೂ ಹೆಚ್ಚುತ್ತದೆ, ಕ್ಲಚ್ ಪ್ಲೇಟ್ ಒದ್ದೆಯಾಗುವ ಅಪಾಯವೂ ಇದೆ. ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ತುಸು ಕೆಳಗೆ, ಮಟ್ಟವನ್ನು ಇಟ್ಟು ಒಂದು ತಿಂಗಳು ನೋಡಿ. ಎಂಜಿನ್ನಿನ ಉಸಿರಾಟದ ಕೊಳವೆ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವೇ ಆಯಿಲನ್ನು ಹೊರದೂಡುತ್ತದೆ. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿಸಿ. ತೊಳೆಯಬೇಕಾದದ್ದು ಕೊಳವೆಯನ್ನು ಮಾತ್ರ. ಸೀಮೆಎಣ್ಣೆಯನ್ನೋ ಡೀಸೆಲನ್ನೋ ಚೇಂಬರಿಗೆ ಸುರಿದು ಎಂಜಿನ್ ಓಡಿಸಿ ತೊಳೆಯುವ ಹಳೆಯ ಅಭ್ಯಾಸಕ್ಕೆ ಖಂಡಿತ ಒಪ್ಪಬೇಡಿ. ತಳದಲ್ಲಿ ಕೂತ ಜಿಡ್ಡು ಒಮ್ಮೆಗೇ ಎದ್ದು ಪಂಪಿನ ಬಾಯಿಯ ಜಾಲರಿಯನ್ನು ಮುಚ್ಚಿದರೆ ಎಂಜಿನ್ ಉಳಿಯುವುದಿಲ್ಲ.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯಲ್ಲಿ ಆಯಿಲ್ ಕಡಿಮೆಯಾಗುವುದೇ ಇಲ್ಲ, ಮೂರು ತಿಂಗಳಲ್ಲಿ ಮಟ್ಟ ಸ್ವಲ್ಪ ಏರಿದಂತೆಯೇ ಕಾಣುತ್ತದೆ. ಎಂಜಿನ್ ಗಟ್ಟಿಯಾಗಿದೆ ಎಂದು ತಿಳಿಯಬಹುದೇ? (ಹಿರಿಯೂರು)

ಉತ್ತರ: ಇಲ್ಲ. ಆಯಿಲ್ ತಾನಾಗಿ ಹೆಚ್ಚಲಾರದು, ಬೇರೇನೋ ಅದಕ್ಕೆ ಸೇರುತ್ತಿದೆ. ನಾನು ಪದ್ಮಿನಿ ಇಟ್ಟುಕೊಂಡಿದ್ದಾಗ ನನಗೂ ಇದೇ ಅನುಭವವಾಗಿತ್ತು. ಚಿತ್ರದುರ್ಗದಿಂದ ದಾವಣಗೆರೆಗೆ ವಾರಕ್ಕೆ ಎರಡು ಸಲವಾದರೂ ಓಡಾಡುತ್ತಿದ್ದೆ. ಪ್ರತಿ ಭಾನುವಾರ ಕಡ್ಡಿ ನೋಡಿದಾಗ ಮಟ್ಟ ಮೇಲಿನ ಗೆರೆಯಲ್ಲೇ ಇರುತ್ತಿತ್ತು, ಒಂದು ದಿನ ಅದನ್ನು ದಾಟಿತ್ತು. ಸರ್ವಿಸ್ ಮಾಡಿದ್ದ ಗ್ಯಾರೇಜಿನಲ್ಲಿ ಕೇಳಿದಾಗ 'ಎಂಜಿನ್ ಚೆನ್ನಾಗಿದೆ' ಎಂದಷ್ಟೇ ಹೇಳಿ ಕಳುಹಿಸಿದರು. ಅದಾದ ಕೆಲವು ದಿನಕ್ಕೆ ಸಿರಿಗೆರೆ ತಿರುವಿನ ಆಸುಪಾಸಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಮಿನುಗತೊಡಗಿತು. ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ಕಡ್ಡಿ ತೆಗೆದೆ. ಆಯಿಲ್ ನೀರಿನಂತೆ ಕಡ್ಡಿಯ ತುದಿಯಿಂದ ತೊಟ್ಟಿಕ್ಕಿತು, ಮೂಗಿನ ಬಳಿ ಹಿಡಿದಾಗ ಪೆಟ್ರೋಲಿನ ವಾಸನೆ ಮುಖಕ್ಕೆ ಹೊಡೆಯಿತು. ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಸೀಳಿತ್ತು. ಈ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೇ ಕೂತು ಅದರ ಶಾಫ್ಟಿನಿಂದಲೇ ನಡೆಯುತ್ತದೆ. ಡಯಾಫ್ರಾಮ್ ಸೀಳಿದರೆ ಪೆಟ್ರೋಲ್ ನೇರವಾಗಿ ಚೇಂಬರಿಗೆ ಇಳಿಯುತ್ತದೆ. ತೆಳುವಾದ ಆಯಿಲ್ ಬೇರಿಂಗನ್ನು ಕಾಯಲಾರದು, ಅದರ ಮೇಲೆ ಬೆಂಕಿಯ ಅಪಾಯ ಬೇರೆ.

ತಾವು ಇಂದೇ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲಿನ ವಾಸನೆ ಬಂದರೆ ಪಂಪು ಸರಿಪಡಿಸಿ, ಆಯಿಲನ್ನೂ ಫಿಲ್ಟರನ್ನೂ ಬದಲಿಸುವವರೆಗೆ ಗಾಡಿ ಚಾಲೂ ಮಾಡಬೇಡಿ. ವಾಸನೆಯಿಲ್ಲದೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಅನುಮಾನಿಸಬೇಕು. ಮುಚ್ಚಳದ ಒಳಬದಿಯಲ್ಲಿ ಮಾತ್ರ ಸ್ವಲ್ಪ ಬಿಳಿ ನೊರೆ ಕಂಡರೆ ಅದು ಮಳೆಗಾಲದ ತೇವವಿರಬಹುದು. ಒಮ್ಮೆ ದೂರಕ್ಕೆ ಓಡಿಸಿದರೆ ಹೋಗುತ್ತದೆ.

ಇನ್ನೊಂದು ಮಾತು. ಆ ಕೆಂಪು ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತಿದಾಗ 'ಮುಂದಿನ ಊರಿನಲ್ಲಿ ನೋಡೋಣ' ಎನ್ನದೆ ಅಲ್ಲಿಯೇ ಎಂಜಿನ್ ನಿಲ್ಲಿಸಬೇಕು.

ಪ್ರಶ್ನೆ: 2011ರ ಡೀಸೆಲ್ ಕಾರು, ಟರ್ಬೊ ಇದೆ, ಒಂದು ಲಕ್ಷ ಎಪ್ಪತ್ತು ಸಾವಿರ ಕಿಲೋಮೀಟರ್ ಆಗಿದೆ. ವಯಸ್ಸಾಯಿತು, ಇನ್ನು ಮುಂದೆ ದಪ್ಪ ಆಯಿಲ್ ಹಾಕಿ ಎನ್ನುತ್ತಾರೆ. ಆಯಿಲ್ ಬದಲಿಸಿದ ಎರಡೇ ದಿನಕ್ಕೆ ಕಪ್ಪಾಗುತ್ತದೆ, ಕಳಪೆಯೇ? (ಹರಿಹರ)

ಉತ್ತರ: ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ, ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಅನುಮಾನವಿದ್ದರೆ ಬಿಸಿ ಆಯಿಲಿನ ಒಂದು ಹನಿಯನ್ನು ಮಸಿ ಹೀರುವ ಬಿಳಿ ಕಾಗದದ ಮೇಲೆ ಬಿಟ್ಟು ರಾತ್ರಿಯಿಡೀ ಇರಿಸಿ. ಕಲೆ ನಡುವಿನಿಂದ ಅಂಚಿಗೆ ಮೆಲ್ಲಗೆ ತಿಳಿಯಾಗುತ್ತ ಹರಡಿದ್ದರೆ ಆಯಿಲಿನಲ್ಲಿ ಇನ್ನೂ ಕಸುವಿದೆ. ನಡುವೆ ಗಟ್ಟಿ ಕಪ್ಪು ಚುಕ್ಕೆ ಉಳಿದು ಸುತ್ತ ಬರಿಯ ಎಣ್ಣೆಯ ವರ್ತುಲ ಕಂಡರೆ ಬದಲಿಸುವ ಕಾಲ ಬಂದಿದೆ.

ಗ್ರೇಡನ್ನು ಕಿಲೋಮೀಟರ್ ನೋಡಿ ಬದಲಿಸಬೇಡಿ. ಈ ಎಂಜಿನ್ನುಗಳ ಆಯಿಲ್ ನಾಳಗಳು ಸಣ್ಣವು, ಟರ್ಬೊದ ಶಾಫ್ಟ್ ಆಯಿಲಿನ ಪದರದ ಮೇಲೆಯೇ ತೇಲುತ್ತ ತಿರುಗುತ್ತದೆ. ಕೈಪಿಡಿಯಲ್ಲಿ ಕೊಟ್ಟ ಗ್ರೇಡಿಗಿಂತ ದಪ್ಪನೆಯದು ಹಾಕಿದರೆ ಬೆಳಿಗ್ಗೆ ಚಾಲೂ ಮಾಡಿದಾಗ ಅಲ್ಲಿಗೆ ತಡವಾಗಿ ತಲುಪುತ್ತದೆ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಖರ್ಚಾಗುತ್ತಿದ್ದರೆ ರೋಗ ಎಂಜಿನ್ನಿನಲ್ಲಿದೆ. ಹೊಗೆಯನ್ನು ಗಮನಿಸಿ: ರಾತ್ರಿ ನಿಂತ ಗಾಡಿ ಬೆಳಿಗ್ಗೆ ಚಾಲೂ ಆದಾಗ ಒಮ್ಮೆ ನೀಲಿ ಹೊಗೆ ಉಗುಳಿ ನಿಲ್ಲಿಸಿದರೆ ವಾಲ್ವ್ ಸೀಲುಗಳು ಹೋಗಿರುತ್ತವೆ, ಏರಿನಲ್ಲಿ, ಭಾರ ಎಳೆಯುವಾಗ ಒಂದೇ ಸಮನೆ ಬಂದರೆ ರಿಂಗುಗಳನ್ನೋ ಟರ್ಬೊವನ್ನೋ ಪರೀಕ್ಷಿಸಬೇಕು. ಹೆದ್ದಾರಿಯಲ್ಲಿ ವೇಗವಾಗಿ ಬಂದು ಊಟಕ್ಕೆ ನಿಲ್ಲಿಸುವಾಗ ಒಂದು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಟ್ಟು ಆಮೇಲೆ ಕೀಲಿ ತಿರುಗಿಸಿ.

ಪ್ರಶ್ನೆ: ಬೈಕಿಗೆಂದು ತಂದ ಆಯಿಲ್ ಉಳಿದಿದೆ. ಕಾರಿಗೆ ಟಾಪ್ ಅಪ್ ಮಾಡಬಹುದೇ? ನಮ್ಮ ಕಡೆಯ ಮಣ್ಣುರಸ್ತೆಗೆ ಆಯಿಲನ್ನು ಬೇಗ ಬದಲಿಸಬೇಕೇ? (ಚಳ್ಳಕೆರೆ ತಾಲ್ಲೂಕು)

ಉತ್ತರ: ದಾರಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಇಳಿದು ಬೇರೇನೂ ಸಿಗದಿದ್ದಾಗ ಹಾಕಬಹುದು, ರೂಢಿ ಮಾಡಿಕೊಳ್ಳಬೇಡಿ. ಕಾರಿನ ಆಯಿಲನ್ನು ಬೈಕಿಗೆ ಮಾತ್ರ ಹಾಕಲೇಬೇಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಅಂಶಗಳಿದ್ದರೆ ಕ್ಲಚ್ ಹಿಡಿಯುವುದಿಲ್ಲ.

ದೂಳಿನ ಪ್ರಶ್ನೆ ಬಹಳ ಮುಖ್ಯವಾದದ್ದು. ಬಯಲುಸೀಮೆಯ ನಯವಾದ ದೂಳಿನಲ್ಲಿರುವ ಮರಳಿನ ಅಂಶ ಏರ್ ಫಿಲ್ಟರನ್ನು ದಾಟಿದರೆ ಸಿಲಿಂಡರಿನ ಗೋಡೆಯನ್ನು ಸಾಣೆಯಂತೆ ಉಜ್ಜಿ, ಅಲ್ಲಿಂದ ಆಯಿಲಿಗೆ ಇಳಿದು ಬೇರಿಂಗಿಗೂ ಹೋಗುತ್ತದೆ. ಆದ್ದರಿಂದ ಆಯಿಲಿಗಿಂತ ಮೊದಲು ಏರ್ ಫಿಲ್ಟರಿನ ಮೇಲೆ ಕಣ್ಣಿಡಿ. ಫಿಲ್ಟರ್ ಡಬ್ಬಿಯ ಮುಚ್ಚಳದ ಕ್ಲಿಪ್ಪುಗಳು ಬಿಗಿಯಾಗಿವೆಯೇ, ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದೆಯೇ ನೋಡಿ. ಆ ಕೊಳವೆಯ ಒಳಗೆ ಬೆರಳಾಡಿಸಿದಾಗ ದೂಳು ಅಂಟಿದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಮಿನರಲ್ ಆಯಿಲನ್ನು ತಾವು 5,000 ಕಿಲೋಮೀಟರಿಗೆ ಬದಲಿಸುತ್ತಿದ್ದರೆ ಈ ರಸ್ತೆಗಳಲ್ಲಿ ಅದನ್ನು 4,000ಕ್ಕೆ ಇಳಿಸುವುದು ಒಳ್ಳೆಯದು.

ಪ್ರಶ್ನೆ: ಹಳೆಯ ಆಯಿಲನ್ನು ಬೇಲಿಯ ಮರದ ಕಂಬಗಳಿಗೆ ಗೆದ್ದಲು ಹತ್ತದಂತೆ ಬಳಿಯುತ್ತೇವೆ. ತಪ್ಪೇ? ಖಾಲಿ ಡಬ್ಬಗಳನ್ನು ಏನು ಮಾಡಬೇಕು? (ಜಗಳೂರು)

ಉತ್ತರ: ತಪ್ಪೆಂದೇ ಹೇಳಬೇಕು. ಎಂಜಿನ್ನಿನಲ್ಲಿ ಬೆಂದ ಆಯಿಲಿನಲ್ಲಿ ಲೋಹದ ಕಣಗಳೂ ಚರ್ಮಕ್ಕೆ ಕೇಡು ಮಾಡುವ ವಸ್ತುಗಳೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲನ್ನೂ ಸೇರಿಸಿದ್ದಾರೆ. ಕಂಬಕ್ಕೆ ಬಳಿದದ್ದು ಮಳೆಯಲ್ಲಿ ತೊಳೆದು ಮಣ್ಣಿಗಿಳಿಯುತ್ತದೆ. ಕೊಳವೆಬಾವಿಯನ್ನೇ ನಂಬಿದ ತಮ್ಮ ತಾಲ್ಲೂಕಿನಲ್ಲಿ ಅದು ಸಣ್ಣ ವಿಷಯವಲ್ಲ. ಮುಚ್ಚಳವಿರುವ ಕ್ಯಾನಿನಲ್ಲಿ ಸಂಗ್ರಹಿಸಿ, ನೋಂದಾಯಿತ ಮರುಬಳಕೆದಾರರಿಗೆ ಕೊಡುವ ದೊಡ್ಡ ವರ್ಕ್‌ಶಾಪಿಗೆ ತಲುಪಿಸಿ. ಕೈಗೆ ತಾಗಿದ್ದನ್ನು ಕೂಡಲೇ ಸೋಪಿನಿಂದ ತೊಳೆದುಕೊಳ್ಳಿ.

ಖಾಲಿ ಡಬ್ಬವನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾದದ್ದು ಒಳ್ಳೆಯ ಲೇಬಲ್ಲಿರುವ, ಮುಚ್ಚಳ ಸರಿಯಿರುವ ಡಬ್ಬವೇ. ಕುಡುಗೋಲಿನಿಂದ ತಳವನ್ನು ಅಡ್ಡಡ್ಡ ಸೀಳಿ, ಲೇಬಲ್ಲಿನ ಮೇಲೆ ಒಂದೆರಡು ಗೀರು ಹಾಕಿ, ಮುಚ್ಚಳವನ್ನು ಬೇರೆಯಾಗಿ ಎಸೆಯಿರಿ. ಹೊಸದನ್ನು ಕೊಳ್ಳುವಾಗಲೂ ಮುಚ್ಚಳದ ಕೆಳಗಿನ ಬಳೆ ಮುರಿದಿಲ್ಲವೇ, ಒಳಗಿನ ಹಾಳೆ ಅಂಟಿಕೊಂಡೇ ಇದೆಯೇ ಎಂದು ಅಂಗಡಿಯವರ ಎದುರಿನಲ್ಲಿಯೇ ತೆಗೆದು ನೋಡಿ, ರಸೀದಿ ಪಡೆಯಿರಿ.